ಅಡಿ ಲೆಕ್ಕ ಸಾಲದು, ತಿಳಿಯ ಲೆಕ್ಕವೂ ಬೇಕು

ಮಳೆಗಾಲ ಶುರುವಾಯಿತೆಂದರೆ ಸೂರತ್‌ನವರ ಬಾಯಲ್ಲಿ ಒಂದು ಸಂಖ್ಯೆ ಓಡಾಡುತ್ತದೆ: 345. ಉಕಾಯಿ ಅಣೆಕಟ್ಟಿನ ಪೂರ್ಣ ಮಟ್ಟ ಅಷ್ಟು ಅಡಿ. ಮಂಡ್ಯ, ಮೈಸೂರಿನವರಿಗೆ 124.80 ಹೇಗೋ ಹಾಗೆ. 2006ರ ಆಗಸ್ಟ್‌ನಲ್ಲಿ ಉಕಾಯಿಯಿಂದ ಬಿಟ್ಟ ನೀರು ಸೂರತ್‌ನ ಬಹುಭಾಗವನ್ನು ಮುಳುಗಿಸಿದ ಮೇಲೆ ಆ ಸಂಖ್ಯೆಗೆ ಭಯವೂ ಅಂಟಿಕೊಂಡಿದೆ. ಇವತ್ತಿನ ಮಟ್ಟ ಎಷ್ಟು, ಒಳಹರಿವು ಎಷ್ಟು, ಬಿಟ್ಟದ್ದೆಷ್ಟು ಎಂಬುದೆಲ್ಲ ಪತ್ರಿಕೆಯಲ್ಲಿ, ಮೊಬೈಲಿನಲ್ಲಿ ದಿನವೂ ಸಿಗುತ್ತದೆ.

ಅದೇ ಜಲಾಶಯದಲ್ಲಿ ಬಲೆ ಬಿಟ್ಟು ಬದುಕುವವರಿಗೆ ಬೇಕಾದ ಲೆಕ್ಕ ಬೇರೆ. ನೀರು ಎಷ್ಟು ಆಳದವರೆಗೆ ಕಾಣುತ್ತದೆ? ಎಲ್ಲಿಯವರೆಗೆ ಬಗ್ಗಡ, ಎಲ್ಲಿಂದ ತಿಳಿ? ಎರಡೂ ಕೂಡುವ ಗೆರೆ ಈ ವಾರ ಎಲ್ಲಿದೆ? ಮಟ್ಟದ ಪಕ್ಕದಲ್ಲಿ ಈ ಮಾಹಿತಿಯೂ ಬರಬೇಕು ಎನ್ನುವುದು ನನ್ನ ವಾದ. ಇದು ವಿಜ್ಞಾನಿಗಳ ಕುತೂಹಲಕ್ಕಾಗಿ ಕೇಳುವ ಮಾತಲ್ಲ. ಈ ಅಣೆಕಟ್ಟಿಗಾಗಿ 100ಕ್ಕೂ ಹೆಚ್ಚು ಹಳ್ಳಿಗಳು ಮುಳುಗಿದವು. ಗದ್ದೆ ಕಳೆದುಕೊಂಡ ಆದಿವಾಸಿ ಕುಟುಂಬಗಳಲ್ಲಿ ಎಷ್ಟೋ ಮಂದಿಗೆ ಉಳಿದದ್ದು ತಮ್ಮ ಗದ್ದೆಯ ಮೇಲೆ ನಿಂತ ನೀರು, ಅದರಲ್ಲಿರುವ ಮೀನು.

ಮೊದಲು ನೀರಿನ ವಿಷಯ. ತಾಪಿ ನದಿ ಮಧ್ಯಪ್ರದೇಶದ ಮುಲ್ತಾಯಿಯಲ್ಲಿ ಹುಟ್ಟಿ, ಮಹಾರಾಷ್ಟ್ರದ ಖಾನದೇಶವನ್ನು ಹಾದು ಗುಜರಾತಿಗೆ ಇಳಿಯುತ್ತದೆ. ದಾರಿಯುದ್ದಕ್ಕೂ ಹತ್ತಿ ಬೆಳೆಯುವ ಕಪ್ಪು ಮಣ್ಣು. ಮೊದಲ ದೊಡ್ಡ ಮಳೆಗೆ ಆ ಮಣ್ಣು ಕರಗಿ ನದಿಯೊಂದಿಗೆ ಬರುತ್ತದೆ. 1972ರಲ್ಲಿ ಮುಗಿದ ಉಕಾಯಿ ಅಣೆಕಟ್ಟಿನ ಹಿನ್ನೀರು 100 ಕಿಲೋಮೀಟರಿಗೂ ಉದ್ದ. ಅದರ ಬಾಲ ಮಹಾರಾಷ್ಟ್ರದ ನಂದುರ್ಬಾರ್ ಜಿಲ್ಲೆಯನ್ನು ಮುಟ್ಟುತ್ತದೆ. ಹರಿಯುವ ನೀರು ನಿಂತ ನೀರಿಗೆ ಸೇರಿದೊಡನೆ ಓಟ ತಗ್ಗುತ್ತದೆ. ಭಾರದ ಮರಳು ಅಲ್ಲೇ ಕೂರುತ್ತದೆ. ನವಿರಾದ ಜೇಡಿ ಇನ್ನಷ್ಟು ದೂರ ತೇಲುತ್ತದೆ. ಅಣೆಕಟ್ಟಿನ ಹತ್ತಿರ ಬರುವ ಹೊತ್ತಿಗೆ ಬಹುಪಾಲು ಕೆಳಗಿಳಿದಿರುತ್ತದೆ.

ಹೀಗಾಗಿ ನಕ್ಷೆಯಲ್ಲಿ ಒಂದೇ ನೀಲಿ ಬಣ್ಣದಲ್ಲಿ ಕಾಣುವ ಜಲಾಶಯದೊಳಗೆ ಮೂರು ಬಗೆಯ ನೀರಿದೆ. ಮೇಲ್ತುದಿಯಲ್ಲಿ ಆಹಾರಾಂಶ ಹೇರಳ, ಆದರೆ ಬೆಳಕು ಒಳಗೆ ಇಳಿಯುವುದಿಲ್ಲ. ಬೆಳಕಿಲ್ಲದಲ್ಲಿ ಪಾಚಿ ಬೆಳೆಯದು. ಅಣೆಕಟ್ಟಿನ ಬುಡದಲ್ಲಿ ಬೆಳಕು ಧಾರಾಳ, ತಿನ್ನಲು ಕಡಿಮೆ. ನಡುವಿನ ಪಟ್ಟಿಯಲ್ಲಿ ಮಣ್ಣು ಸಾಕಷ್ಟು ಇಳಿದು ಬೆಳಕು ಬಂದಿರುತ್ತದೆ, ನದಿ ತಂದ ಸಾರವೂ ಉಳಿದಿರುತ್ತದೆ. ಅಲ್ಲಿ ಕಣ್ಣಿಗೆ ಕಾಣದ ಸಸ್ಯಗಳು, ಅವನ್ನು ತಿನ್ನುವ ಸಣ್ಣ ಜೀವಿಗಳು ಹೆಚ್ಚುತ್ತವೆ. ಮೇಲ್ಪದರದಲ್ಲಿ ಮೇಯುವ ಕಾಟ್ಲಾ ಅವುಗಳ ಬೆನ್ನು ಹತ್ತುತ್ತದೆ. ರೋಹು ಮಧ್ಯದ ಪದರದಲ್ಲಿ, ಮೃಗಾಲ್ ತಳದಲ್ಲಿ. ಬಗ್ಗಡ ಮತ್ತು ತಿಳಿ ಸೇರುವ ಅಂಚಿನಲ್ಲಿ ಸಣ್ಣ ಮೀನು ನೆರೆದರೆ, ಮೀಸೆಯಿಂದ ತಡವಿ ಬೇಟೆ ಹುಡುಕುವ ವಾಳೆ ಮೀನು ಕಾಣದ ಕಡೆಯಿಂದ ಬಂದು ಎರಗುತ್ತದೆ.

ಈ ಪಟ್ಟಿ ಒಂದೇ ಕಡೆ ನಿಲ್ಲುವುದಿಲ್ಲ. ಪ್ರವಾಹ ಬಂದಾಗ ಬಗ್ಗಡ ಅಣೆಕಟ್ಟಿನತ್ತ ತಳ್ಳಿಕೊಂಡು ಹೋಗುತ್ತದೆ. ಮಣ್ಣು ತುಂಬಿದ ನೀರು ಭಾರವಾದ್ದರಿಂದ ಕೆಲವೊಮ್ಮೆ ತಿಳಿ ನೀರಿನ ಅಡಿಗೆ ನುಗ್ಗಿ, ಮೇಲಿನಿಂದ ಏನೂ ಕಾಣದಂತೆ ಮುಂದೆ ಸಾಗುತ್ತದೆ. ಚಳಿಗಾಲದಲ್ಲಿ ತಿಳಿ ಮೇಲಕ್ಕೆ ಹಬ್ಬುತ್ತದೆ. ಬೇಸಿಗೆಯಲ್ಲಿ ನೀರು ಇಳಿದು ಅಂಚಿನ ಕೆಸರು ಬಯಲಾದಾಗ, ಗಾಳಿ ಎಬ್ಬಿಸಿದ ಅಲೆಗಳೇ ದಡವನ್ನು ಕದಡುತ್ತವೆ.

ಎಲ್ಲಿಗೆ ಹೋಗಬೇಕು ಎಂಬುದನ್ನಷ್ಟೇ ಅಲ್ಲ, ಯಾವಾಗ ಹೋಗಬೇಕು ಎಂಬುದನ್ನೂ ತಿಳಿಯೇ ನಿರ್ಧರಿಸುತ್ತದೆ. ಜಲಾಶಯದ ಮೀನುಗಾರ ಹೆಚ್ಚಾಗಿ ಬಳಸುವುದು ನೀರಿನಲ್ಲಿ ಗೋಡೆಯಂತೆ ಇಳಿಬಿಡುವ, ಮೀನಿನ ಕಿವಿರಿಗೆ ಸಿಕ್ಕಿಕೊಳ್ಳುವ ಬಲೆ. ಮುಳುಗಿದ ಮರದ ಬೊಡ್ಡೆಗಳಿರುವ ತಳದಲ್ಲಿ ಎಳೆಬಲೆ ಹರಿದುಹೋಗುತ್ತದೆ. ನಿಂತ ಬಲೆ ಮೀನಿಗೆ ಕಂಡರೆ ಕೆಲಸ ಕೆಟ್ಟಿತು. ಅದಕ್ಕೇ ತಿಳಿ ನೀರಿನಲ್ಲಿ ಸಂಜೆ ಬಲೆ ಬಿಟ್ಟು ಬೆಳಗಿನ ಜಾವ ಎತ್ತುತ್ತಾರೆ. ಬಗ್ಗಡವಿದ್ದಾಗ ಹಗಲಲ್ಲೂ ಬಲೆ ದುಡಿಯುತ್ತದೆ. ತಪ್ಪು ನೀರಿಗೆ ಹೋದವರಿಗೆ ಒಂದು ರಾತ್ರಿಯ ನಿದ್ದೆ, ಡೀಸೆಲ್ಲಿನ ದುಡ್ಡು, ಮರುದಿನದ ಸಂತೆ ಮೂರೂ ನಷ್ಟ.

ಇದನ್ನು ಅಳೆಯುವುದು ಕಷ್ಟವೇ? 1865ರಲ್ಲಿ ಇಟಲಿಯ ಪಾದ್ರಿ, ಖಗೋಳಜ್ಞ ಆಂಜೆಲೋ ಸೆಕ್ಕಿ ಪೋಪರ ಹಡಗಿನಿಂದ ಮೆಡಿಟರೇನಿಯನ್ ಸಮುದ್ರಕ್ಕೆ ಬಿಳಿ ತಟ್ಟೆಗಳನ್ನು ಇಳಿಸಿ, ಅವು ಯಾವ ಆಳದಲ್ಲಿ ಮರೆಯಾಗುತ್ತವೆ ಎಂದು ನೋಡಿದರು. ಇಂದಿಗೂ ಕೆರೆ, ಜಲಾಶಯಗಳಲ್ಲಿ ಬಳಸುವುದು ಅದನ್ನೇ: 20 ಸೆಂಟಿಮೀಟರ್ ಅಗಲದ, ಕಪ್ಪು–ಬಿಳುಪು ಬಳಿದ ತಟ್ಟೆ, ಗುರುತು ಹಾಕಿದ ಹಗ್ಗ. ಅದೂ ಇಲ್ಲದಿದ್ದರೆ ಕೈಯೇ ಸಾಕು. ಮೊಣಕೈವರೆಗೆ ಮುಳುಗಿಸಿದಾಗ ಅಂಗೈ ಕಾಣುತ್ತದೆಯೇ ಎಂದು ನೋಡಲು ಮೀನು ಸಾಕುವವರಿಗೆ ಹೇಳಿಕೊಡುತ್ತಾರೆ. ತಟ್ಟೆಗೆ ಒಂದು ಮಿತಿ ಇದೆ: ನೀರು ಮಣ್ಣಿನಿಂದ ಮಂದವಾಗಿದೆಯೋ ಪಾಚಿಯಿಂದಲೋ ಎಂದು ಅದು ಹೇಳದು. ಆದ್ದರಿಂದ ಆಳದ ಜೊತೆ ಬಣ್ಣವನ್ನೂ ಬರೆಯಬೇಕು. ಕಂದು ಮತ್ತು ಹಸಿರು ಮೀನಿಗೆ ಒಂದೇ ಅಲ್ಲ.

ನಮ್ಮ ನಗರಗಳಿಗೆ ಈ ಅಳತೆ ಹೊಸದೇನೂ ಅಲ್ಲ. ಸೂರತ್ ಕುಡಿಯುವ ನೀರನ್ನು ತಾಪಿಯಿಂದಲೇ ಎತ್ತುತ್ತದೆ. ಶುದ್ಧೀಕರಣ ಘಟಕಕ್ಕೆ ಬಗ್ಗಡದ ಅಳತೆ ದಿನನಿತ್ಯದ ಕೆಲಸ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಅದಕ್ಕೆ 1 ಎನ್‌ಟಿಯು ಎಂಬ ಮಿತಿಯೇ ಇದೆ. ಅಂದರೆ ನಲ್ಲಿಗಾಗಿ ಅಳೆಯುತ್ತೇವೆ, ದೋಣಿಗಾಗಿ ಅಳೆಯುವುದಿಲ್ಲ. ಅಹಮದಾಬಾದಿನ ಸಾಬರಮತಿ ದಂಡೆಯಲ್ಲಿ ಸಂಜೆ ಅಡ್ಡಾಡುವವರು ಕಾಲುವೆಯಿಂದ ತುಂಬಿಸಿದ ನರ್ಮದೆಯ ನೀರನ್ನು ನೋಡಿ ಮೆಚ್ಚುತ್ತಾರೆ. ತಿಳಿ ಇದ್ದರೆ ಒಳ್ಳೆಯದು ಎಂಬುದು ನಗರದ ತೀರ್ಪು. ಮೀನುಗಾರ ತಿಳಿಗೂ ಬಗ್ಗಡಕ್ಕೂ ನಡುವೆ ಹುಡುಕುತ್ತಾನೆ.

ಒಂದು ಜಲಾಶಯದ ಪಾಠ ಇನ್ನೊಂದಕ್ಕೆ ಒಪ್ಪುವುದಿಲ್ಲ ಎಂಬುದಕ್ಕೆ ವಡೋದರಾದಿಂದ ಹೆಚ್ಚು ದೂರವಿಲ್ಲದ ಸರ್ದಾರ್ ಸರೋವರವೇ ಸಾಕ್ಷಿ. 138.68 ಮೀಟರ್ ಮಟ್ಟದ ಆ ಅಣೆಕಟ್ಟಿಗೆ ಬರುವ ಮೊದಲು ನರ್ಮದೆಯ ನೀರು ಇಂದಿರಾ ಸಾಗರ, ಓಂಕಾರೇಶ್ವರಗಳಲ್ಲಿ ನಿಂತು ಬರುತ್ತದೆ. ಹೂಳಿನ ದೊಡ್ಡ ಪಾಲು ಅಲ್ಲಿಯೇ ಕೂರುತ್ತದೆ. ವಿಂಧ್ಯ, ಸಾತ್ಪುರಗಳ ನಡುವಿನ ಕಡಿದಾದ ಕಣಿವೆಯಲ್ಲಿ ಆಳವಿಲ್ಲದ ಅಂಚುಗಳೂ ಕಡಿಮೆ. ಉಕಾಯಿಯ ಅನುಭವ ಹೊತ್ತು ಅಲ್ಲಿಗೆ ಹೋದವರು ಮತ್ತೆ ಮೊದಲಿನಿಂದ ಕಲಿಯಬೇಕು. ಎರಡಕ್ಕೂ ಸೇರಿ ಕಚೇರಿಯಲ್ಲಿ ಒಂದೇ ನಿಯಮ ಬರೆದರೆ ಎರಡರಲ್ಲಿ ಒಂದು ಕಡೆ ತಪ್ಪುತ್ತದೆ.

ನಮ್ಮಲ್ಲೂ ಕಥೆ ಬೇರೆಯಲ್ಲ. 1953ರಲ್ಲಿ ತುಂಗಭದ್ರಾ ಜಲಾಶಯಕ್ಕೆ ಸುಮಾರು 133 ಟಿಎಂಸಿ ಸಾಮರ್ಥ್ಯವಿತ್ತು. ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಈ ಲೆಕ್ಕ ರಾಯಚೂರು, ಕೊಪ್ಪಳದ ರೈತರಿಗೆ ಬಾಯಿಪಾಠ. ಆದರೆ ಮಳೆಗಾಲದ ಕೆಂಪು ನೀರು, ಆಮೇಲೆ ಕೆಲವು ವರ್ಷ ಕಾಣಿಸಿಕೊಳ್ಳುವ ಹಸಿರು ನೀರು ಹರಿಗೋಲಿನವನ ದಿನವನ್ನು ಹೇಗೆ ಬದಲಿಸುತ್ತವೆ ಎಂಬ ಮಾತು ಯಾವ ಸಭೆಯ ನಡಾವಳಿಯಲ್ಲೂ ಸುಲಭವಾಗಿ ಸಿಗದು.

ಎರಡು ಆಕ್ಷೇಪಗಳು ಬರುತ್ತವೆ, ಎರಡೂ ಉತ್ತರ ಕೊಡಲು ಯೋಗ್ಯವಾದವು. ಮೊದಲನೆಯದು: ಇದೆಲ್ಲ ಮೀನುಗಾರನಿಗೆ ಹುಟ್ಟಿನಿಂದ ಗೊತ್ತು, ತಟ್ಟೆ ಯಾಕೆ? ಗೊತ್ತಿರುವುದು ನಿಜ. ಆದರೆ ನೂರಾರು ಚದರ ಕಿಲೋಮೀಟರ್ ನೀರಿನಲ್ಲಿ ಒಂದು ದೋಣಿಗೆ ಗೊತ್ತಾಗುವುದು ಅದು ಹೋದ ಕಡೆಯದ್ದು ಮಾತ್ರ. ಅದಕ್ಕಿಂತ ಮುಖ್ಯವಾಗಿ, ದೋಣಿಯಲ್ಲಿರುವ ತಿಳಿವಳಿಕೆಗೆ ಕಚೇರಿಯಲ್ಲಿ ಬೆಲೆಯಿಲ್ಲ. ಗುತ್ತಿಗೆಯ ಗಡಿ ಹಾಕುವಾಗ, ಪಂಜರದಲ್ಲಿ ಮೀನು ಸಾಕಲು ಜಾಗ ಗುರುತಿಸುವಾಗ ಕಾಗದವೇ ಮಾತಾಡುತ್ತದೆ. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಜಲಾಶಯಗಳಲ್ಲಿ ಪಂಜರಗಳಿಗೆ ಒತ್ತು ಸಿಕ್ಕಿದೆ. ಪಂಜರ ಬೇಡ ಎನ್ನುವವನು ನಾನಲ್ಲ. ಆದರೆ ಅದು ಒಂದೇ ಕಡೆ ನಿಲ್ಲುವ ವಸ್ತು. ಬಗ್ಗಡ ನುಗ್ಗುವ ದಾರಿಯಲ್ಲಿ ಇಟ್ಟರೆ ಮೀನಿನ ಕಿವಿರಿಗೆ ಮಣ್ಣು; ದೋಣಿಗಳು ಮೀನು ಹುಡುಕುವ ಪಟ್ಟಿಯಲ್ಲಿ ಇಟ್ಟರೆ ಜನರ ಹೊಟ್ಟೆಗೆ ಹೊಡೆತ. ಒಂದೆರಡು ವರ್ಷದ ತಿಳಿಯ ದಾಖಲೆ ಕೈಯಲ್ಲಿದ್ದರೆ ಈ ಎರಡನ್ನೂ ತಪ್ಪಿಸಬಹುದು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ಒಳ್ಳೆಯ ನೀರು ಎಲ್ಲಿದೆ ಎಂದು ಪ್ರಕಟಿಸಿದರೆ ಎಲ್ಲರೂ ಅಲ್ಲಿಗೇ ಮುಗಿಬೀಳುವುದಿಲ್ಲವೇ? ಮುಗಿಬೀಳಬಹುದು. ಅದಕ್ಕೆ ಮದ್ದು ಬಲೆಯ ಕಣ್ಣಿನ ಅಳತೆಯ ಮೇಲೆ ನಿಗಾ ಇಡುವುದು, ಮೊಟ್ಟೆಯಿಡುವ ಕಾಲದ ಬಿಡುವನ್ನು ಪಾಲಿಸುವುದು. ಮಾಹಿತಿ ಮುಚ್ಚಿಟ್ಟರೆ ಮೀನು ಉಳಿಯುವುದಿಲ್ಲ. ಎಂಜಿನ್ ದೋಣಿಯವನು ಸುತ್ತಿ ನೋಡಿ ಮೊದಲು ತಲುಪುತ್ತಾನೆ, ಹುಟ್ಟು ಹಾಕುವವನು ಕೊನೆಗೆ. ಈಗ ನಡೆಯುತ್ತಿರುವುದೂ ಅದೇ.

ಆಗಬೇಕಾದ್ದು ದೊಡ್ಡದೇನಲ್ಲ. ಪ್ರತಿ ಸಹಕಾರ ಸಂಘಕ್ಕೆ ಒಂದು ತಟ್ಟೆ, ಒಂದು ಹಗ್ಗ. ಹಿನ್ನೀರಿನ ಉದ್ದಕ್ಕೂ ಹತ್ತೋ ಹನ್ನೆರಡೋ ಗೊತ್ತುಪಡಿಸಿದ ಜಾಗ. ವಾರಕ್ಕೊಮ್ಮೆ ನಡುಹಗಲಲ್ಲಿ ಅಲ್ಲಿ ಅಳತೆ, ಬಣ್ಣದ ಟಿಪ್ಪಣಿ. ಅಳೆದ ಮೀನುಗಾರರಿಗೆ ಅದಕ್ಕೆ ಕೂಲಿ. ಅಣೆಕಟ್ಟಿನ ಮಟ್ಟ ಪ್ರಕಟವಾಗುವ ಪಟ್ಟಿಯಲ್ಲೇ ಇನ್ನೊಂದು ಸಾಲು, ಗುಜರಾತಿಯಲ್ಲಿ, ಮೇಲ್ತುದಿಯ ಜನರಿಗೆ ಮರಾಠಿಯಲ್ಲಿ. ಇಲ್ಲಿ ತುಂಗಭದ್ರೆಯಲ್ಲಿ ಶುರು ಮಾಡಿದರೆ ಕನ್ನಡದಲ್ಲಿ, ತೆಲುಗಿನಲ್ಲಿ. ಅಣೆಕಟ್ಟು ಕಟ್ಟುವಾಗ ಆ ಜನರ ಹೊಲವನ್ನು ಗುಂಟೆ ಲೆಕ್ಕದಲ್ಲಿ ಅಳೆದೆವು. ಈಗ ಅವರು ದುಡಿಯುವ ನೀರನ್ನೂ ಅಳೆಯೋಣ.