ಮಂಗಳವಾರದ ಸಾಲು

ಮನೋಚೈತನ್ಯ ಯೋಜನೆಯಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ರಾಜ್ಯದಲ್ಲಿದೆ. ಮಾತ್ರೆಗಾಗಿ ಜಿಲ್ಲಾ ಕೇಂದ್ರಕ್ಕೋ ನಿಮ್ಹಾನ್ಸ್‌ಗೋ ಬಸ್ಸು ಹತ್ತುತ್ತಿದ್ದವರಿಗೆ ಇದು ಸಣ್ಣ ಅನುಕೂಲವಲ್ಲ. ಆದರೆ ವರ್ಷಗಟ್ಟಲೆ ಔಷಧಿ ನುಂಗುತ್ತಿರುವವರನ್ನೇ ಕೇಳಿ ನೋಡಿ. ಕೂಲಿ ಬಿಟ್ಟು ಸಾಲಿನಲ್ಲಿ ನಿಂತರೆ ಒಳಗೆ ಎರಡೇ ನಿಮಿಷ. ‘ನಿದ್ದೆ ಮಾಡ್ತಾರಾ?’ ಎಂಬ ಪ್ರಶ್ನೆಯೂ ಜತೆಗೆ ಬಂದ ಅಣ್ಣನಿಗೆ! ಎದುರಿಗೆ ಕೂತ ರೋಗಿಗೆ ಬಾಯಿಲ್ಲವೇ? ಕೈ ನಡುಗುವುದು, ತೂಕ ಏರುವುದು, ಮುಟ್ಟು ತಪ್ಪುವುದು ಎಲ್ಲವೂ ಹೇಳದೆಯೇ ಉಳಿಯುತ್ತವೆ. ಬೇಸತ್ತು ಮಾತ್ರೆ ಬಿಟ್ಟವರು ಕಾಯಿಲೆ ಮರುಕಳಿಸಿದಾಗಲೇ ಮತ್ತೆ ಕಾಣುವುದು.

ಇಂಥ ಔಷಧಿಗಳಲ್ಲೊಂದಾದ ಲಿಥಿಯಂ ನುಂಗುವವರಿಗೆ ರಕ್ತದಲ್ಲಿನ ಅದರ ಪ್ರಮಾಣ, ಮೂತ್ರಪಿಂಡ, ಥೈರಾಯ್ಡ್ ಪರೀಕ್ಷೆ ಆಗಾಗ ಬೇಕು; ಕ್ಲೋಜಪಿನ್‌ಗೆ ಬಿಳಿ ರಕ್ತಕಣಗಳ ಎಣಿಕೆ. ಅದಕ್ಕಾಗಿ ಇನ್ನೊಂದು ದಿನ, ಇನ್ನೊಂದು ಬಸ್ಸು ಎಂದಾದರೆ ಎಷ್ಟು ಮಂದಿ ಹೋದಾರು?

ಚಿಕಿತ್ಸೆಯ ಅಡ್ಡಪರಿಣಾಮಗಳನ್ನು ತಿಳಿಯುವುದು ರೋಗಿಯ ಹಕ್ಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳಿದೆ. ರಕ್ತ ತೆಗೆಯುವುದು, ತೂಕ ನೋಡುವುದು, ಮಾತ್ರೆ ಕೊಡುವುದು ಅದೇ ಮಂಗಳವಾರ, ಒಂದೇ ಕಡೆ ಆಗಲಿ. ರೋಗಿಯೊಬ್ಬರೇ ವೈದ್ಯರ ಜತೆ ಮಾತಾಡಲು ಐದು ನಿಮಿಷವಾದರೂ ಸಿಗಲಿ. ಅಣ್ಣ ಆಮೇಲೆ ಒಳಗೆ ಬರಬಹುದು.