ಸರಪಳಿ ನೋಡೋರು ಯಾರು?

ಹೋದ ಮಾನೌಮಿ ಸೂಟಿಗೆ ಮಗಳು ಬೆಂಗಳೂರಿಂದ ಬಳ್ಳಾರಿಗೆ ಬಂದಿದ್ಲು. ಕುರುಗೋಡಿನ್ಯಾಗ ನಮ್ಮ ನಾದಿನಿ ಊಟಕ್ಕ ಕರ್ದಿದ್ಲು. ದೊಡ್ಡಬಸವೇಶ್ವರಗ ಕಾಯಿ ಒಡಿಸ್ಕೊಂಡು ಹನ್ನೆರಡರ ಒಳಗ ಅವರ ಮನಿ ಮುಟ್ಟಬೇಕು ಅಂತ ನಮ್ಮ ಲೆಕ್ಕ. ನಮ್ಮನಿಯವ್ರು ಕಾರು ಹೊರಗ ತಗದು ಎರಡು ಸಲ ಹಾರ್ನ್ ಹೊಡದ್ರು. ಈಕಿ ನೋಡಿದ್ರ ರೇಷ್ಮಿ ಸೀರಿ ಉಟ್ಕೊಂಡು, ತಲಿಗೆ ಹೂವು ಮುಡ್ಕೊಂಡು, ಅಡಿಗಿ ಮನಿ ಕಟ್ಟಿ ಮ್ಯಾಲ ಲ್ಯಾಪ್‌ಟಾಪ್ ಇಟ್ಕೊಂಡು ಟಕಟಕ ಬಡಿಯಾಕತ್ತಾಳ.

"ಏನವಾ, ಹಬ್ಬದ ದಿನಾನೂ ಆಫೀಸೇನು?" ಅಂದೆ.

"ಆಫೀಸಲ್ಲವ್ವಾ, ಅರ್ಧ ತಾಸು ತಡಿ. ಒಬ್ಬ ಹುಡುಗನ ನಕ್ಷತ್ರ ಇವತ್ತು ರಾತ್ರಿಗೆ ಮುಗೀತೈತಿ."

ನನಗ ನಕ್ಷತ್ರ ಅಂದ್ರ ಮೊದಲು ನೆನಪಾಗೋದು ಪಂಚಾಂಗ. ಯಾರದೋ ಮುಹೂರ್ತ ಇರಬೇಕು ಅಂದ್ಕೊಂಡೆ. ಆಕಿ ಹೇಳಿದ್ದು ಆಕಾಶದಾಗಿನ ಖರೇ ನಕ್ಷತ್ರದ ಸುದ್ದಿ ಅಂತ ಗೊತ್ತಾಗಿದ್ದು ಕಾರಿನ್ಯಾಗ ಕುಂತ ಮ್ಯಾಲ.

ನಾನು ಪಿಯುಸಿ ಓದಿದಾಕಿ. ಆಕಿ ಹೇಳಿದ್ದನ್ನ ನನಗ ತಿಳಿದಂಗ ಹೇಳ್ತೀನಿ. ಈಗ ದೊಡ್ಡ ದುರ್ಬೀನಿಗೆ ರಾತ್ರಿ ಎಲ್ಲಾ ಕಣ್ಣು ಹಚ್ಚಿ ಯಾರೂ ಕೂಡಂಗಿಲ್ಲ. ಲಡಾಖಿನ ಹಾನ್ಲೆಯಾಗ ಸುಮಾರು 4500 ಮೀಟರ್ ಎತ್ತರದ ಮ್ಯಾಲ 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದುರ್ಬೀನು ಐತಿ. ಅದನ್ನ ಉಪಗ್ರಹದ ಸಂಪರ್ಕದಿಂದ ನಡಸೋದು ನಮ್ಮ ಬೆಂಗಳೂರಿನ ಹತ್ರ ಹೊಸಕೋಟಿಯಾಗ, ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವ್ರ ಕೇಂದ್ರದಾಗ ಕುಂತು. ಅದರ ಮಗ್ಗುಲಕ್ಕ 2018ರಾಗ ಇನ್ನೊಂದು ಬಂತು, ಗ್ರೋತ್-ಇಂಡಿಯಾ ಅಂತ, 70 ಸೆಂಟಿಮೀಟರ್ ಕನ್ನಡೀದು. ಈ ಸಂಸ್ಥೆ ಮತ್ತ ಮುಂಬೈ ಐಐಟಿ ಕೂಡಿ ಕಟ್ಟಿದ್ದು. ಅದು ರೋಬೋ ದುರ್ಬೀನು. ಯಾವುದನ್ನ ನೋಡಬೇಕು ಅಂತ ಪಟ್ಟಿ ಕೊಟ್ರ ಆತು, ತಾನೇ ತಿರುಗಿ ತಾನೇ ಫೋಟೋ ಹಿಡೀತೈತಿ. ಅಮೆರಿಕಾದ ಲಾಸ್ ಕುಂಬ್ರೆಸ್ ಅನ್ನೋ ವೀಕ್ಷಣಾಲಯದವ್ರದ್ದು ಇನ್ನೂ ದೊಡ್ಡ ಸಂಸಾರ. ಹವಾಯಿ, ಟೆಕ್ಸಾಸ್, ಚಿಲಿ, ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ಹಿಂಗ ಜಗತ್ತಿನ ತುಂಬ ರೋಬೋ ದುರ್ಬೀನು ಇಟ್ಟಾರ. ಒಂದು ಕಡಿ ಬೆಳಗಾದ್ರ ಇನ್ನೊಂದು ಕಡಿ ಕತ್ತಲಾಗಿರ್ತೈತಿ, ನೋಡೋದು ನಿಲ್ಲಂಗಿಲ್ಲ.

ಆದ್ರ ದುರ್ಬೀನಿಗೆ ಅರ್ಜಿ ಹಾಕಬೇಕು. ಆ ನಕ್ಷತ್ರದ ಆಕಾಶದ ವಿಳಾಸ ಏನು, ಯಾವ ಬಣ್ಣದ ಗಾಜು ಅಡ್ಡ ಇಡಬೇಕು, ಎಷ್ಟು ಸೆಕೆಂಡು ಬೆಳಕು ಹಿಡೀಬೇಕು, ಎಷ್ಟು ಸಲ, ಯಾವ ದಿನದಿಂದ ಯಾವ ದಿನದ ಒಳಗ, ಚಂದ್ರ ಎಷ್ಟು ದೂರ ಇರಬೇಕು, ಎಲ್ಲಾ ಬರೀಬೇಕು. ಅರ್ಜಿ ಸರಿ ಇದ್ರ ಸರದಿಗೆ ಸೇರ್ತೈತಿ. ಆ ಕಡಿಯ ಕಂಪ್ಯೂಟರು ನೂರಾರು ಅರ್ಜಿ ತೂಗಿ ನೋಡಿ ಯಾವುದು ಯಾವಾಗ ಅಂತ ಹಂಚತೈತಿ. ಮೋಡ ಬಂದ್ರ ಹಂಚಿದ್ದನ್ನೇ ತಿರಗಾ ಹಂಚತೈತಿ. ಹೇಳಿದ ದಿನ ದಾಟಿದ್ರ ಅವಧಿ ಮುಗೀತು ಅಂತ ಅರ್ಜಿ ಸತ್ತು ಹೋಗತೈತಿ.

ನಮ್ಮ ಸಿರುಗುಪ್ಪದಾಗ ತಾಲೂಕು ಕಚೇರಿ ಮುಂದ ಮರದ ಕೆಳಗ ಕುಂತು ಅರ್ಜಿ ಬರಿಯೋರು ಇರ್ತಿದ್ರಲ್ಲ, ನನ್ನ ಮಗಳು ನೋಡ್ಕೊಳ್ಳೋ ತಂತ್ರಾಂಶ ಅದೇ ಕೆಲಸ ಮಾಡ್ತೈತಿ. ಒಂದೊಂದು ದುರ್ಬೀನಿಗೆ ಒಂದೊಂದು ನಮೂನಿ ಫಾರಂ. ವಿದ್ಯಾರ್ಥಿ ತನಗ ಬೇಕಾದ್ದನ್ನ ಒಂದು ಸಲ ಬರದ್ರ ಇದು ಆಯಾ ದುರ್ಬೀನಿನ ಫಾರಮ್ಮಿಗೆ ತಕ್ಕಂಗ ತುಂಬಿ, ತಪ್ಪಿದ್ರ ಹೇಳಿ, ಕಳಿಸಿ, ಆಮ್ಯಾಲ ನಿನ್ನ ಅರ್ಜಿ ಇಲ್ಲಿಗೆ ಬಂದೈತಿ ಅಂತ ಸುದ್ದೀನೂ ಕೊಡ್ತೈತಿ. ಇಂಥವು ಜಗತ್ತಿನ್ಯಾಗ ಕೆಲವು ಅದಾವಂತ. ಲಾಸ್ ಕುಂಬ್ರೆಸ್‌ದವ್ರ ಟಾಮ್ ಟೂಲ್‌ಕಿಟ್ ಅನ್ನೋದು ಹೆಸರಾದದ್ದು. ಈಕಿದು ಅಷ್ಟು ದೊಡ್ಡದಲ್ಲ, ನಾಕು ಮಂದಿ ಗೆಳೆಯರು ಶುರು ಮಾಡಿದ್ದು. ಎಲ್ಲಾ ಓಪನ್ ಸೋರ್ಸ್. ಅಂದ್ರ ಕೋಡ್ ಯಾರು ಬೇಕಾದ್ರೂ ನೋಡಬಹುದು, ಬಳಸಬಹುದು, ತಿದ್ದಬಹುದು.

ಶುರು ಮಾಡಿದ ನಾಕು ಮಂದಿಯಾಗ ಮೂವರು ನೌಕರಿ ಸಿಕ್ಕು ಹೋದ್ರು. ಉಳದಾಕಿ ಈಕಿ. ಮಾನೌಮಿ ದಿನ ಆಗಿದ್ದೇನಂದ್ರ, ಒಂದು ದುರ್ಬೀನಿನವ್ರು ತಮ್ಮ ಫಾರಮ್ಮಿನ್ಯಾಗ ಒಂದು ಖಾನೆ ಕಡ್ಡಾಯ ಮಾಡಿದ್ರು. ಹಳೇ ನಮೂನಿ ಅರ್ಜಿ ಎಲ್ಲಾ ತಿರುಗಿ ಬರಾಕ ಹತ್ತಿದ್ವು. ಎಲ್ಲಿಯೋ ಒಬ್ಬ ಹುಡುಗ, ಅವನ ಮುಖ ಈಕಿ ನೋಡಿಲ್ಲ, ಅಕ್ಕಾ ನನ್ನ ನಕ್ಷತ್ರದ ಅವಧಿ ಇವತ್ತಿಗೆ ಕೊನಿ ಅಂತ ಪತ್ರ ಹಾಕಿದ್ದ. ಈಕಿ ಸೀರಿ ಉಟ್ಕೊಂಡೇ ನಿಂತು ತಿದ್ದಿದ್ಲು.

ಕುರುಗೋಡಿನ್ಯಾಗ ಊಟಕ್ಕ ಕುಂತಾಗ ನಾದಿನಿ ಕೇಳಿದ್ಲು, "ಎಷ್ಟು ಕೊಡ್ತಾರವಾ ಇದಕ್ಕ?"

"ಏನಿಲ್ಲತ್ತೀ."

ನಾದಿನಿ ಹೋಳಿಗಿ ಬಡಸೋದು ಬಿಟ್ಟು ನನ್ನ ಮುಖ ನೋಡಿದ್ಲು. ನಾನು ಎಲಿ ನೋಡಿದೆ. ನನಗ ನಾಚಿಕಿ ಆಗಿತ್ತು, ಅದನ್ನ ಮುಚ್ಚಿಡೋದಿಲ್ಲ. ಮಗಳಿಗೆ ಮೂವತ್ತು ಹತ್ರ ಬಂತು, ಕಾಯಂ ನೌಕರಿ ಇಲ್ಲ. ಅದಕ್ಕ ಹಿಂದಿನ ತಿಂಗಳು ಒಂದು ಸಂದರ್ಶನಕ್ಕ ಹೋಗಿದ್ಲು. ಎಷ್ಟು ಸಂಶೋಧನಾ ಲೇಖನ ಅಂತ ಕೇಳಿದ್ರಂತ. ಈಕಿ ತಂತ್ರಾಂಶದ ಬಗ್ಗೆ ಹೇಳಾಕ ಹೋದ್ರ, ಅದು ಸೇವೆ, ಸಂಶೋಧನೆ ಅಲ್ಲ ಅಂದ್ರಂತ. ಆ ಮಾತು ಕೇಳಿದಾಗಿಂದ ನಾನು ಒಂದೇ ಹಟ ಹಿಡಿದಿದ್ದೆ, ಬಿಟ್ಟಬಿಡು ಅದನ್ನ. "ಬಿಟ್ರ ಆ ಹುಡುಗ್ರ ಅರ್ಜಿ ಹೋಗಂಗಿಲ್ಲವ್ವಾ" ಅನ್ನೋದು ಆಕಿ ಉತ್ತರ.

ನನ್ನ ಹಟ ಸಡಿಲಾಗಿದ್ದು ಸಿರುಗುಪ್ಪದಾಗ, ನನ್ನ ತವರಿನ್ಯಾಗ. ಮರುದಿನ ಅಣ್ಣನ ಮನಿಗೆ ಹೋಗಿದ್ವಿ. ಗದ್ದಿ ಹಸಿರಾಗಿತ್ತು. ಮಾತು ಹೊಳ್ಳಿ 2024ರ ಆಗಸ್ಟಿಗೆ ಹೋತು. ನಮ್ಮ ಕಡಿಯವ್ರು ಯಾರೂ ಮರೆಯಂಗಿಲ್ಲ ಅದನ್ನ. 10ನೇ ತಾರೀಖು ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ಹರಿದು ಗೇಟು ಕೊಚ್ಚಿ ಹೋತು. ಒಟ್ಟು 33 ಗೇಟು, ಹೋಗಿದ್ದು ಒಂದು. ಆ ಒಂದರ ಸಲುವಾಗಿ, ಒತ್ತಡ ಇಳಸಾಕ ಉಳಿದ ಗೇಟು ತೆಗೆದು ತುಂಬಿದ ಕೆರಿ ನೀರು ಹೊಳಿಗೆ ಬಿಡಬೇಕಾತು. ನಾಟಿ ಹಂಗಾಮು. ನಮ್ಮಣ್ಣ ಆ ವಾರ ನೆಟ್ಟಗ ಊಟ ಮಾಡಿಲ್ಲ. ಕನ್ನಯ್ಯ ನಾಯ್ಡು ಅವರು ಬಂದು, ಕಬ್ಬಿಣದ ಹಲಗಿ ಮಾಡಿಸಿ, ಹರಿಯೋ ನೀರಿನ್ಯಾಗ ಒಂದರ ಮ್ಯಾಲೊಂದು ಇಳಿಸಿ ಒಂದು ವಾರದಾಗ ನೀರು ನಿಲ್ಲಿಸಿದ್ರು. ಅವತ್ತು ಅವರಿಗೆ ಹಾರ ಹಾಕಿದ್ವಿ, ಹಾಕಬೇಕಾದ್ದೇ.

ಅಣ್ಣ ಒಂದು ಮಾತು ಅಂದ: "ಸರಪಳಿ ಹರಿದ ಮ್ಯಾಲ ಎಲ್ರಿಗೂ ಆ ಗೇಟಿನ ನಂಬರ್ ಗೊತ್ತಾತು. ಅದಕ್ಕೂ ಮೊದಲು ಎಪ್ಪತ್ತು ವರ್ಷ ಅದನ್ನ ನೋಡ್ಕೊಂಡವ್ರ ಹೆಸರು ಒಬ್ರದಾದ್ರೂ ಗೊತ್ತೇನು ನಿನಗ?"

ಮಗಳು ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಸರಪಳಿ ಯಾಕ ಹರೀತು ಅನ್ನೋದು ಎಂಜಿನಿಯರ್‌ಗಳಿಗೆ ಬಿಟ್ಟಿದ್ದು. ನನಗ ತಿಳಿದಿದ್ದು ಇಷ್ಟ: ಕಟ್ಟೋದಕ್ಕ ದುಡ್ಡು ಐತಿ, ಉದ್ಘಾಟನಿಗೆ ರಿಬ್ಬನ್ ಐತಿ, ನೋಡ್ಕೊಳ್ಳೋದಕ್ಕ ಮಾತ್ರ ಖಾನೆ ಇಲ್ಲ.

ಇದು ನಮ್ಮ ಮನಿ ಒಂದರ ಕತಿ ಅಲ್ಲ. ಖಗೋಳದವ್ರೆಲ್ಲಾ ಬಳಸೋ ಆಸ್ಟ್ರೋಪೈ ಅನ್ನೋ ತಂತ್ರಾಂಶ 2011ರಾಗ ಶುರುವಾತು. 2016ರಾಗ ಕೆಲವು ವಿಜ್ಞಾನಿಗಳು ಆಸ್ಟ್ರೋಪೈ ಸಮಸ್ಯೆ ಅಂತಾನೇ ಹೆಸರಿಟ್ಟು ಒಂದು ಲೇಖನ ಬರದ್ರು. ಬಹುಪಾಲು ಖಗೋಳದ ಮಂದಿ ಇದನ್ನ ಬಳಸ್ತಾರ, ಆದ್ರ ಐದು ವರ್ಷದಿಂದ ಹೆಚ್ಚುಕಮ್ಮಿ ಎಲ್ಲಾ ಸ್ವಯಂಸೇವಕರೇ ಸಂಬಳ ಇಲ್ದ, ಮನ್ನಣೆ ಇಲ್ದ ನಡಸಾಕತ್ತಾರ ಅನ್ನೋದು ಅದರ ಸಾರ. ಹಂಗ ಬಾಯಿ ಬಿಟ್ಟು ಹೇಳಿದ್ರು. ಆಮ್ಯಾಲ 2019ರಾಗ ಮೂರ್ ಪ್ರತಿಷ್ಠಾನದವ್ರು ಅನುದಾನ ಕೊಟ್ರು. 2021ರ ಡಿಸೆಂಬರಿನ್ಯಾಗ ಲಾಗ್‌ಫೋರ್‌ಜೆ ಅನ್ನೋ ಸಣ್ಣ ಕೋಡಿನ್ಯಾಗ ತೂತು ಸಿಕ್ಕು ಜಗತ್ತಿನ ದೊಡ್ಡ ದೊಡ್ಡ ಕಂಪನಿ ನಡುಗಿದ್ವು. ಅದನ್ನ ನೋಡ್ಕೊಳ್ಳೋರು ಕೈಬೆರಳೆಣಿಕಿ ಸ್ವಯಂಸೇವಕರು.

ಓಪನ್ ಸೋರ್ಸ್ ಅಂದ ಮ್ಯಾಲ ದುಡ್ಡು ಯಾಕ ಕೇಳಬೇಕು ಅಂತ ನಮ್ಮನಿಯವ್ರೇ ಕೇಳಿದ್ರು. ನಾನು ಅಂದೆ, ನನ್ನ ಶೇಂಗಾ ಹೋಳಿಗಿ ಮಾಡೋ ಹದ ಯಾರು ಕೇಳಿದ್ರೂ ಹೇಳಿ ಕೊಡ್ತೀನಿ, ಪುಕ್ಕಟೆ. ಹಂಗಂತ ಓಣಿಯವ್ರೆಲ್ಲಾ ದಿನಾ ಬಂದು ಹೋಳಿಗಿ ಮಾಡಿ ಬಡಸು ಅಂದ್ರ? ಹದ ಕೊಡೋದು ಬ್ಯಾರೆ, ದಿನಾ ಒಲಿ ಮುಂದ ನಿಲ್ಲೋದು ಬ್ಯಾರೆ. ಕೋಡ್ ಪುಕ್ಕಟೆ ಇರಲಿ, ಅದು ಚಲೋ ಮಾತು. ಬಡ ಕಾಲೇಜಿನ ಹುಡುಗನೂ ದುರ್ಬೀನಿಗೆ ಅರ್ಜಿ ಹಾಕೋದು ಅದರಿಂದಾನೇ. ಕೂಲಿ ಪುಕ್ಕಟೆ ಅಲ್ಲ.

2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರ ಡಿಕ್ಕಿ ಹೊಡದ ಗುರುತ್ವದ ಅಲಿ ಸಿಕ್ಕಾಗ, ಸುಮಾರು 11 ತಾಸಿನ್ಯಾಗ ಅದರ ಬೆಳಕು ಹುಡಿಕಿದವರೊಳಗ ಲಾಸ್ ಕುಂಬ್ರೆಸ್‌ದವ್ರೂ ಇದ್ರು. ಹದಿಮೂರು ಕೋಟಿ ಬೆಳಕಿನ ವರ್ಷ ದೂರದ್ದು. ಅಂಥಾ ಬೆಳಕು ಕೆಲವೇ ದಿನದಾಗ ಮಂಕಾಗಿ ಹೋಗತೈತಿ. ಆ ರಾತ್ರಿ ಅರ್ಜಿ ತಿರುಗಿ ಬಂದಿದ್ರ ಮತ್ತೊಂದು ಸಲ ನೋಡ್ತೀವಿ ಅನ್ನೋ ಹಂಗಿಲ್ಲ. ಇದನ್ನ ಸೇವೆ, ಸಂಶೋಧನೆ ಅಲ್ಲ ಅನ್ನೋರು ಒಂದು ಸಲ ವಿಚಾರ ಮಾಡಬೇಕು.

ನನ್ನ ಅಭಿಪ್ರಾಯ ಇಷ್ಟು. ಹೊಸ ದುರ್ಬೀನಿಗೆ ದುಡ್ಡು ಬರಿಯುವಾಗ, ಅದಕ್ಕ ಅರ್ಜಿ ಮುಟ್ಟಿಸೋ ತಂತ್ರಾಂಶ ನೋಡ್ಕೊಳ್ಳೋರ ಸಂಬಳಾನೂ ಅದೇ ಹಾಳಿಯಾಗ ಬರೀರಿ. ನೌಕರಿಗೆ ಆರಿಸುವಾಗ ಈ ಕೆಲಸಕ್ಕೂ ಅಂಕ ಕೊಡ್ರಿ. ಬಳಸಿದವ್ರು ತಮ್ಮ ಲೇಖನದಾಗ ತಂತ್ರಾಂಶದ ಹೆಸರು ಹಾಕ್ರಿ, ಅದಕ್ಕ ಖರ್ಚೇನೂ ಇಲ್ಲ. ಇಂಥಾ ಕೆಲಸವನ್ನೇ ಲೇಖನ ಅಂತ ಒಪ್ಪಿ ಪ್ರಕಟ ಮಾಡೋ ಜರ್ನಲ್ ಆಫ್ ಓಪನ್ ಸೋರ್ಸ್ ಸಾಫ್ಟ್‌ವೇರ್ ಅನ್ನೋ ಪತ್ರಿಕಿ 2016ರಿಂದ ಐತಿ. ಈಗ ಮಗಳು ಅದಕ್ಕ ಬರಿಯಾಕತ್ತಾಳ.

ಮಗಳಿಗೂ ಒಂದು ಮಾತು ಹೇಳೀನಿ. ಒಬ್ಬಾಕಿ ಹೆಗಲ ಮ್ಯಾಲ ಇಡಬ್ಯಾಡ. ಅಣೆಕಟ್ಟಿಗೆ ಬದಲಿ ಗೇಟು ಸಿದ್ಧ ಇರಲಿಲ್ಲ, ನೀರು ಹರಿಯಾಕ ಹತ್ತಿದ ಮ್ಯಾಲ ಮಾಡಸಬೇಕಾತು. ನೀನು ಜ್ವರ ಬಂದು ಮಲಗಿದ್ರ ಕೀಲಿ ಯಾರ ಕೈಯಾಗ ಐತಿ? ಅದಕ್ಕ ಆಕಿ ನಕ್ಕಳು, ಆದ್ರ ಕೇಳಿದ್ಲು. ಅವತ್ತು ಪತ್ರ ಹಾಕಿದ್ನಲ್ಲ, ಅದೇ ಹುಡುಗಗ ಕೆಲಸ ಕಲಿಸಾಕ ಹತ್ಯಾಳ. ಅವನು ಎರಡು ಬಗ್ ತಾನೇ ತಿದ್ದಿದ್ನಂತ.

ಈಗ ಭಾನುವಾರ ಫೋನ್ ಮಾಡಿದಾಗ ನೌಕರಿ ಸುದ್ದಿ ಮೊದಲು ಕೇಳಂಗಿಲ್ಲ ನಾನು. ಈ ವಾರ ಎಷ್ಟು ಮಂದಿ ಅರ್ಜಿ ಮುಟ್ಟಿದ್ವು ಅಂತ ಕೇಳ್ತೀನಿ. ನೌಕರಿದು ಎರಡನೇದಾಗಿ ಕೇಳ್ತೀನಿ. ಅದನ್ನೂ ಬಿಡಾಕಾಗಂಗಿಲ್ಲ, ತಾಯಿ ಅಲ್ಲೇನು.