ಕೆಂಪು ಬೊಟ್ಟು, ಹಸಿರು ಬೊಟ್ಟು



ಹಿಂದಿನ ಸಂಚಿಕೆಯಲ್ಲಿ ಶೇಂಗಾ ಹಿಂಡಿ ಕಮಟು ವಾಸನೆ ಹಿಡಿಯದಂತೆ ಇಡುವುದು ಹೇಗೆಂದು ಬರೆದಿದ್ದೆ. ಈ ಸಲ ಅಡಿಗೆಮನೆ ಬಿಟ್ಟು ಬೇರೆ ಮಾತು. ಫೋನಿನ ಪರದೆಯ ಮೇಲೆ ಕಾಣುವ ಸಣ್ಣ ಸಣ್ಣ ಚಿತ್ರಗಳಿಗೆ ಯಾವ ಬಣ್ಣ ಹಚ್ಚಬೇಕು ಎಂಬ ಮಾತು. “ಅದು ಕಂಪ್ಯೂಟರ್ ಕಲಿತವರ ಕೆಲಸ, ನಮಗೇನು?” ಎಂದು ಪುಟ ತಿರುವಬೇಡಿ. ನಾನೂ ಹಾಗೇ ತಿಳಿದಿದ್ದೆ. ಆದರೆ ಆ ಬಣ್ಣದ ದೆಸೆಯಿಂದ ನಾನು ಒಬ್ಬ ಹೆಣ್ಣುಮಗಳ ಮರ್ಯಾದೆ ಕಳೆದೆ, ಸುಳ್ಳು ಹೇಳದ ಮಗನನ್ನು ಸುಳ್ಳುಗಾರ ಎಂದು ಹೊಡೆದೆ. ಅದನ್ನು ನಿಮ್ಮ ಮುಂದೆ ಹೇಳಿಕೊಂಡರೆ ನಿಮ್ಮ ಮನೆಯಲ್ಲಾದರೂ ಹಾಗಾಗದಿರಲಿ ಎಂದು ಬರೆಯುತ್ತಿದ್ದೇನೆ.

ನಮ್ಮದು ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನ. ಹದಿನಾಲ್ಕು ಮಂದಿ ಹೆಣ್ಣುಮಕ್ಕಳು ಸೇರಿ ಒಂದು ಉಳಿತಾಯದ ಸಂಘ ನಡೆಸುತ್ತೇವೆ. ಹತ್ತನೆಯ ಇಯತ್ತೆ ಮುಗಿಸಿದವಳು ಎಂದು ಲೆಕ್ಕದ ಪುಸ್ತಕ ನನ್ನ ಪಾಲಿಗೆ ಬಂದಿದೆ. ನನ್ನ ಮಗಳು ಬೆಂಗಳೂರಿನಲ್ಲಿ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ. ಪರದೆಯ ಮೇಲೆ ಯಾವ ಚಿತ್ರ ಎಲ್ಲಿರಬೇಕು, ಯಾವ ಬಣ್ಣದಲ್ಲಿರಬೇಕು ಎಂದು ನೋಡುವುದೇ ಅವಳ ಕೆಲಸ. ಆ ಚಿತ್ರಗಳಿಗೆ ಐಕಾನ್ ಎನ್ನುತ್ತಾರೆ. ಯುಗಾದಿಗೆ ಬಂದವಳು ನನ್ನ ಹರಿದ ಪುಸ್ತಕ ನೋಡಿ, “ಅವ್ವಾ, ಇನ್ನ ಫೋನಿನಾಗೇ ಲೆಕ್ಕ ಇಡು” ಎಂದು ಸಂಘಕ್ಕಾಗಿ ಒಂದು ಆ್ಯಪ್ ಮಾಡಿಕೊಟ್ಟಳು. ಒಬ್ಬೊಬ್ಬರ ಹೆಸರಿನ ಮುಂದೆ ಒಂದೊಂದು ದುಂಡನೆಯ ಬೊಟ್ಟು. ವಾರದ ಹಣ ಬಂದಿದ್ದರೆ ಹಸಿರು, ಬಾಕಿ ಇದ್ದರೆ ಕೆಂಪು. ಇದಕ್ಕಿಂತ ಸುಲಭ ಇನ್ನೇನಿದೆ ಎಂದು ನಾವೆಲ್ಲ ಮೆಚ್ಚಿದೆವು.

ಒಂದು ಸಂಜೆ ಕನ್ನಡಕ ಕೈಗೆ ಸಿಗಲಿಲ್ಲ. ಒಂಬತ್ತನೆಯ ತರಗತಿಯ ಮಗನನ್ನು ಕರೆದು, “ಯಾರ್ ಯಾರ್ದು ಬಾಕಿ ಅದ, ಓದಿ ಹೇಳಪ್ಪಾ” ಎಂದೆ. ಅವನು ಹೇಳಿದ ಹೆಸರುಗಳನ್ನು ನಂಬಿ, ಮರುದಿನ ಸಭೆಯಲ್ಲಿ ಪಕ್ಕದ ಓಣಿಯ ಹೆಣ್ಣುಮಗಳನ್ನು ಎಲ್ಲರ ಎದುರಿಗೆ ಕೇಳಿಬಿಟ್ಟೆ. ಆಕೆ ಒಂದು ವಾರವೂ ತಪ್ಪಿಸಿದವಳಲ್ಲ. “ಅಕ್ಕೋರೆ, ಕೂಲಿ ಮಾಡಿ ತಂದು ಕೊಟ್ಟೀನಿ. ನನಗ ಕಳ್ಳಿ ಮಾಡಿದ್ರಿ” ಎಂದು ಸೆರಗು ಬಾಯಿಗೆ ಹಿಡಿದು ಎದ್ದು ಹೋದಳು. ಮನೆಗೆ ಬಂದವಳೇ ಮಗನ ಬೆನ್ನಿಗೆ ಎರಡು ಕೊಟ್ಟೆ. “ನಾ ಸುಳ್ಳ ಹೇಳಿಲ್ಲವ್ವಾ, ನೋಡಿನೇ ಹೇಳೀನಿ” ಎಂದು ಅವನು ಅತ್ತ. ನಾನು ಕೇಳಲಿಲ್ಲ.

ರಾತ್ರಿ ಮಗಳಿಗೆ ಫೋನು ಮಾಡಿ ಇದನ್ನೆಲ್ಲ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಅವ್ವಾ, ತಮ್ಮಗ ಕೇಳು. ಆ ಎರಡು ಬೊಟ್ಟು ಅವಂಗ ಬ್ಯಾರೆ ಬ್ಯಾರೆ ಕಾಣ್ತಾವೇನು?” ಎಂದಳು. ಕೇಳಿದೆ. “ಒಂದು ಜರಾ ಕಪ್ಪು, ಒಂದು ಜರಾ ತಿಳಿ. ಅಂದಾಜಿನ ಮ್ಯಾಲೆ ಹೇಳ್ತೀನಿ. ಎಲ್ಲಾರಿಗೂ ಹಂಗೇ ಕಾಣ್ತದಲ್ಲ?” ಎಂದ. ಚಿಕ್ಕಂದಿನಲ್ಲಿ ಗಿಡದ ಎಲೆಗೆ ಕಂದು ಬಣ್ಣ ಹಚ್ಚಿ ಬೈಸಿಕೊಂಡದ್ದು ನೆನಪಾಯಿತು. ಎದೆ ಧಸಕ್ಕೆಂದಿತು.

ಕಲಬುರ್ಗಿಯಲ್ಲಿ ಕಣ್ಣಿನ ಡಾಕ್ಟರರಿಗೆ ತೋರಿಸಿದೆವು. ಬಣ್ಣಬಣ್ಣದ ಚುಕ್ಕಿಗಳ ನಡುವೆ ಅಂಕಿ ಅಡಗಿಸಿಟ್ಟ ಒಂದು ಪುಸ್ತಕವಿದೆ. ಜಪಾನಿನ ಇಶಿಹಾರ ಎಂಬ ವೈದ್ಯರು 1917ರಲ್ಲಿ ಹೊರತಂದ ಪರೀಕ್ಷೆ ಅದು. ನನಗೆ ಎದ್ದು ಕಂಡ ಅಂಕಿ ಮಗನಿಗೆ ಕಾಣಲೇ ಇಲ್ಲ. ಕೆಂಪು-ಹಸಿರಿನ ಬಣ್ಣಗುರುಡು ಎಂದರು.

ಹೆದರುವಂಥದ್ದಲ್ಲ ಎಂದೂ ತಿಳಿಸಿ ಹೇಳಿದರು. ನಮ್ಮ ಕಣ್ಣಿನೊಳಗೆ ಬಣ್ಣ ಹಿಡಿಯುವ ಮೂರು ಬಗೆಯ ಕಣಗಳಿರುತ್ತವೆ. ಅದರಲ್ಲಿ ಒಂದು ಬಗೆ ಇಲ್ಲದಿದ್ದರೆ ಅಥವಾ ಬೇರೆ ರೀತಿ ಇದ್ದರೆ ಕೆಂಪು, ಹಸಿರು, ಕಂದು ಒಂದರೊಳಗೊಂದು ಕಲೆತುಹೋಗುತ್ತವೆ. ಹುಟ್ಟಿನಿಂದ ಬಂದದ್ದು ಹೆಚ್ಚುವುದಿಲ್ಲ, ಕಣ್ಣು ಹೋಗುವುದಿಲ್ಲ, ಇದನ್ನು ಗುಣಪಡಿಸುವ ಔಷಧವೂ ಇಲ್ಲ. ಗಂಡುಮಕ್ಕಳಲ್ಲಿ ಇದು ಹೆಚ್ಚು. ಯುರೋಪಿನ ಮೂಲದವರಲ್ಲಿ ನೂರು ಗಂಡಸರಿಗೆ ಸುಮಾರು ಎಂಟು ಮಂದಿಗೆ ಇದ್ದರೆ, ಹೆಂಗಸರಲ್ಲಿ ಇನ್ನೂರಕ್ಕೆ ಒಬ್ಬರಿಗೆ ಮಾತ್ರ. ಗಂಡುಮಗುವಿಗೆ ಇದು ಬರುವುದು ತಾಯಿಯ ಕಡೆಯಿಂದ. ತಾಯಿಗೆ ಸ್ವತಃ ಎಲ್ಲ ಬಣ್ಣ ಸರಿಯಾಗಿಯೇ ಕಾಣುತ್ತಿರಬಹುದು.

ಈ ಮಾತು ಮನೆಯಲ್ಲಿ ಹೇಳಿದಾಗ ಅತ್ತೆಯವರು, “ನಮ್ಮ ಮನಿತನದಾಗ ಇಂಥಾದ್ದು ಯಾರಿಗೂ ಇಲ್ಲವಾ” ಎಂದರು. ನಾನು ಉತ್ತರ ಕೊಡಲಿಲ್ಲ. ನನ್ನ ಅಪ್ಪ ನೆನಪಾದರು. ಮೆಣಸಿನಗಿಡದಲ್ಲಿ ಹಣ್ಣುಗಾಯಿ ಯಾವುದು, ಹಸಿಕಾಯಿ ಯಾವುದು ಎಂದು ಅವರು ಕೈಯಿಂದ ಮುಟ್ಟಿ ಮುಟ್ಟಿ ಬಿಡಿಸುತ್ತಿದ್ದರು. ಸಂತೆಯಲ್ಲಿ ಟೊಮ್ಯಾಟೊ ಹಿಚುಕಿ ನೋಡಿ ಕೊಳ್ಳುತ್ತಿದ್ದರು. ನಾವು ನಗುತ್ತಿದ್ದೆವು. ಅಪ್ಪನ ಕಣ್ಣು ನನ್ನ ಮುಖಾಂತರ ಮೊಮ್ಮಗನಿಗೆ ಬಂದಿದೆ. ಇದರಲ್ಲಿ ಯಾರ ತಪ್ಪೂ ಇಲ್ಲ, ಯಾವ ಜನ್ಮದ ಪಾಪವೂ ಇಲ್ಲ. ಯಾವ ಸೊಸೆಗಾದರೂ ಈ ಮಾತು ಕೇಳಬೇಕಾಗಿ ಬಂದರೆ ತಲೆ ತಗ್ಗಿಸಬೇಡಿ ಎಂದಷ್ಟೇ ಹೇಳುತ್ತೇನೆ.

ಮಗಳು ಮುಂದಿನ ಶನಿವಾರವೇ ಬಸ್ಸು ಹತ್ತಿ ಬಂದಳು. “ತಪ್ಪು ತಮ್ಮಂದೂ ಅಲ್ಲ, ನಿಂದೂ ಅಲ್ಲ, ನಂದು. ಬಣ್ಣವೊಂದರ ಮ್ಯಾಲೇ ಭಾರ ಹಾಕಬಾರದು ಅಂತ ಕೆಲಸದಾಗ ದಿನಾ ಹೇಳ್ತೀನಿ, ಮನೀಗೆ ಮಾಡುವಾಗ ಮರತೆ” ಎಂದಳು. ನನ್ನ ಫೋನು ತೆಗೆದುಕೊಂಡು ಅದರಲ್ಲಿ ಬಣ್ಣಗಳನ್ನೆಲ್ಲ ತೆಗೆದುಹಾಕಿ ಬರೀ ಕಪ್ಪು-ಬಿಳುಪು ಮಾಡಿ ತೋರಿಸಿದಳು. ಹದಿನಾಲ್ಕು ಬೊಟ್ಟುಗಳೂ ಬೂದಿ ಬಣ್ಣದ ಹದಿನಾಲ್ಕು ಗುಂಡುಗಳಾದವು. ಯಾರು ಕೊಟ್ಟರು, ಯಾರು ಕೊಟ್ಟಿಲ್ಲ, ನನಗೂ ತಿಳಿಯಲಿಲ್ಲ. ಆಗ ಮಗನ ಕಷ್ಟ ಅರ್ಥವಾಯಿತು.

ಆ ಎರಡು ದಿನ ತಾಯಿ ಮಗಳು ಕೂತು ಬಣ್ಣ ಆರಿಸಿದೆವು. ಅವಳು ಹೇಳಿದ್ದರಲ್ಲಿ ನನಗೆ ತಿಳಿದಷ್ಟು ಬರೆಯುತ್ತೇನೆ.

ಮೊದಲು ಆಕಾರ, ಆಮೇಲೆ ಬಣ್ಣ. 1984ರಲ್ಲಿ ಅಮೆರಿಕದಲ್ಲಿ ಮ್ಯಾಕಿಂಟಾಷ್ ಎಂಬ ಕಂಪ್ಯೂಟರು ಬಂದಾಗ ಅದರ ಪರದೆಯಲ್ಲಿ ಬಣ್ಣವೇ ಇರಲಿಲ್ಲವಂತೆ. ಸೂಸನ್ ಕೇರ್ ಎಂಬ ಮಹಿಳೆ ಚೌಕಳಿ ಕಾಗದದ ಮೇಲೆ ಒಂದೊಂದೇ ಮನೆ ತುಂಬಿ ಅದರ ಐಕಾನ್‌ಗಳನ್ನು ಬರೆದರು. ನಾವು ಎಳೆ ಎಣಿಸಿ ಕಸೂತಿ ಹಾಕುತ್ತೇವಲ್ಲ, ಅದೇ ಬಗೆ. ಕಪ್ಪು-ಬಿಳುಪಿನಲ್ಲೇ ಜನರಿಗೆ ಕಸದ ಬುಟ್ಟಿ ಯಾವುದು, ಕಾಗದ ಯಾವುದು ಎಂದು ತಿಳಿಯಿತು. ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ ಮತದ ಚಿಹ್ನೆ ನೋಡಿ. 1952ರಲ್ಲಿ ಮೊದಲ ಮಹಾಚುನಾವಣೆ ನಡೆದಾಗ ನಮ್ಮ ಗುಲ್ಬರ್ಗ ಹೈದರಾಬಾದ್ ರಾಜ್ಯದಲ್ಲಿತ್ತು. ಓದು ಬಾರದವರೂ ಡಬ್ಬಿಯ ಮೇಲಿನ ಚಿತ್ರ ನೋಡಿ ಮತ ಹಾಕಿದರು. ಇಂದಿನ ಮತಯಂತ್ರದಲ್ಲಿ ನೀಲಿ ಗುಂಡಿ ಒತ್ತಿದರೆ ಚಿಹ್ನೆಯ ಪಕ್ಕದಲ್ಲೇ ಕೆಂಪು ದೀಪ ಹತ್ತುತ್ತದೆ, ಜೊತೆಗೆ ಉದ್ದಕ್ಕೆ ಬೀಪ್ ಎಂದು ಸದ್ದೂ ಬರುತ್ತದೆ. ದೀಪದ ಬಣ್ಣ ತಿಳಿಯದವರಿಗೆ ಸದ್ದಾದರೂ ತಿಳಿಯುತ್ತದೆ.

ಬಿಸ್ಕತ್ತಿನ ಪೊಟ್ಟಣದ ಮೇಲೆ ಶಾಕಾಹಾರಕ್ಕೆ ಚೌಕದೊಳಗೆ ಹಸಿರು ಬೊಟ್ಟು ಇರುವುದು ನಿಮಗೆ ಗೊತ್ತು. ಮಾಂಸಾಹಾರಕ್ಕೆ ಮೊದಲು ಕಂದು ಬೊಟ್ಟು ಇತ್ತು. ನನ್ನ ಮಗನಂಥವರಿಗೆ ಎರಡೂ ಒಂದೇ. ಅದಕ್ಕೇ ಆಹಾರ ಸುರಕ್ಷತಾ ಪ್ರಾಧಿಕಾರ 2020ರ ನಿಯಮದಲ್ಲಿ ಕಂದು ಬೊಟ್ಟನ್ನು ತೆಗೆದು ತ್ರಿಕೋನ ಮಾಡಿತು. ಈಗ ಬಣ್ಣ ತಿಳಿಯದಿದ್ದರೂ ಆಕಾರದಿಂದ ತಿಳಿಯಬಹುದು.

ಎರಡನೆಯದು, ಜೋಡಿ ಸರಿಯಾಗಿರಬೇಕು. ಕೆಂಪು-ಹಸಿರಿನ ಜೋಡಿ ಕಲೆತುಹೋಗುವ ಹೆಚ್ಚಿನವರಿಗೆ ನೀಲಿ ಮತ್ತು ಕಿತ್ತಳೆ ಬೇರೆ ಬೇರೆಯಾಗಿಯೇ ಕಾಣುತ್ತವೆ. ಫೇಸ್‌ಬುಕ್ ಮಾಡಿದ ಜುಕರ್‌ಬರ್ಗ್‌ಗೂ ಇದೇ ಬಣ್ಣಗುರುಡು ಇದೆಯಂತೆ. ನೀಲಿ ತನಗೆ ಚೆನ್ನಾಗಿ ಕಾಣುತ್ತದೆ ಎಂದು ಅವರೇ 2010ರಲ್ಲಿ ಒಂದು ಪತ್ರಿಕೆಗೆ ಹೇಳಿದ್ದರು. ಫೇಸ್‌ಬುಕ್ಕಿನ ಬಣ್ಣ ನೀಲಿ ಇರುವುದು ಅದಕ್ಕೇ.

ಮೂರನೆಯದು, ಹಿನ್ನೆಲೆ. ಬಿಳಿ ಸೀರೆಗೆ ತಿಳಿಹಳದಿ ಅಂಚು ಹಚ್ಚಿದರೆ ದೂರದಿಂದ ಕಾಣುವುದೇ? ಪರದೆಯೂ ಹಾಗೇ. ನಮ್ಮ ಕಡೆಯ ಬಿಸಿಲಿನಲ್ಲಿ, ತೊಗರಿ ಹೊಲದ ಬದುವಿನಲ್ಲಿ ನಿಂತು ನೋಡಿದರೂ ಕಾಣಬೇಕು. ಇಂಟರ್‌ನೆಟ್ಟಿಗೆ ನಿಯಮ ಮಾಡುವ ಅಂತಾರಾಷ್ಟ್ರೀಯ ಒಕ್ಕೂಟವೊಂದಿದೆ. ಬಣ್ಣವೊಂದರಿಂದಲೇ ಅರ್ಥ ಹೇಳಬಾರದು ಎಂದು ಅದರ 2008ರ ನಿಯಮ. ಅರ್ಥ ಹೇಳುವ ಚಿತ್ರಕ್ಕೂ ಅದರ ಹಿನ್ನೆಲೆಗೂ ಬೆಳಕಿನ ಅಂತರ ಕನಿಷ್ಠ 3ಕ್ಕೆ 1 ಇರಬೇಕೆಂದು 2018ರಲ್ಲಿ ಸೇರಿಸಿದರು. ಸಣ್ಣ ಅಕ್ಷರಕ್ಕಾದರೆ 4.5ಕ್ಕೆ 1.

ನಾಲ್ಕನೆಯದನ್ನು ಮಗಳಿಗೆ ಕಲಿಸಿದ್ದು ನಮ್ಮ ಸಂಘದ ಮುದುಕಿ. ತೋರಿಸಲೆಂದು ಫೋನು ಹಿಡಿದಾಗ ಆಕೆ ತನ್ನ ಹೆಸರಿನ ಮುಂದಿನ ಕೆಂಪು ಬೊಟ್ಟು ನೋಡಿ, “ಕುಂಕುಮ ಇಟ್ಟಾರಲ್ಲವಾ, ಅಂದ್ರ ನಂದು ಎಲ್ಲಾ ಚುಕ್ತಾ ಆತು” ಎಂದಳು! ಎಲ್ಲರೂ ನಕ್ಕರು. ಮಗಳು ಮಾತ್ರ ನಗದೆ ಬರೆದುಕೊಂಡಳು. ನಮಗೆ ಕೆಂಪು ಎಂದರೆ ಕುಂಕುಮ, ಮದುವೆ, ಶುಭ. ಫೋನಿನಲ್ಲಿ ಕೆಂಪು ಎಂದರೆ ನಿಲ್ಲು, ತಪ್ಪು, ಬಾಕಿ. ಚೀನಾ ದೇಶದ ಷೇರುಪೇಟೆಯಲ್ಲಿ ಬೆಲೆ ಏರಿದರೆ ಕೆಂಪು, ಇಳಿದರೆ ಹಸಿರು ತೋರಿಸುತ್ತಾರಂತೆ. ಬಣ್ಣಕ್ಕೆ ಎಲ್ಲ ಕಡೆ ಒಂದೇ ಅರ್ಥವಿಲ್ಲ. ಬಳಸುವವರನ್ನು ಕೇಳದೆ ಆರಿಸಬಾರದು.

ಕೊನೆಗೆ ಹೀಗೆ ಮಾಡಿದೆವು. ಹಣ ಬಂದಿದ್ದರೆ ಕಡುನೀಲಿ ಚೌಕ, ಒಳಗೆ ಬಿಳಿಯ ಸರಿ ಗುರುತು, ಪಕ್ಕದಲ್ಲಿ ‘ಬಂತು’ ಎಂಬ ಅಕ್ಷರ. ಬಾಕಿ ಇದ್ದರೆ ಕಿತ್ತಳೆ ಬಣ್ಣದ ಖಾಲಿ ಉಂಗುರ, ಪಕ್ಕದಲ್ಲಿ ‘ಬಾಕಿ’. ಮಗನ ಕೈಗೆ ಕೊಟ್ಟೆವು. ಹದಿನಾಲ್ಕೂ ಹೆಸರು ತಪ್ಪಿಲ್ಲದೆ ಓದಿದ. ಮುದುಕಿಗೂ ತಿಳಿಯಿತು. ನನಗೆ ಕನ್ನಡಕವಿಲ್ಲದೆಯೂ ತಿಳಿಯಿತು.

ನಿಮ್ಮ ಮನೆಗೆ ಕೆಲವು ಕಿವಿಮಾತು:

1. ಮಗು ಪದೇ ಪದೇ ಬಣ್ಣ ತಪ್ಪಿ ಹೇಳಿದರೆ ಗದರಿಸುವ ಮೊದಲು ಕಣ್ಣಿನ ಡಾಕ್ಟರರಿಗೆ ತೋರಿಸಿ. ರೈಲು ಓಡಿಸುವಂಥ ಕೆಲವು ನೌಕರಿಗಳಿಗೆ ಬಣ್ಣದ ಪರೀಕ್ಷೆ ಇರುತ್ತದೆ. ಮೊದಲೇ ತಿಳಿದಿದ್ದರೆ ಆ ದಾರಿಯಲ್ಲಿ ವರ್ಷಗಟ್ಟಲೆ ಓದಿ ಕಡೆಗೆ ನಿರಾಶೆಪಡುವುದು ತಪ್ಪುತ್ತದೆ. ಶಾಲೆಯ ಗುರುಗಳಿಗೂ ತಿಳಿಸಿಡಿ.

2. ಈಗಿನ ಹೆಚ್ಚಿನ ಫೋನುಗಳ ಸೆಟ್ಟಿಂಗಿನಲ್ಲಿ ಬಣ್ಣಗುರುಡು ಇರುವವರಿಗೆ ಬಣ್ಣ ಹೊಂದಿಸುವ ಅನುಕೂಲ ಇರುತ್ತದೆ. ಮಕ್ಕಳಿಂದ ಹುಡುಕಿಸಿ.

3. ಹಿರಿಯರಿಗೆ “ಕೆಂಪು ಗುಳಿಗೆ ಬೆಳಿಗ್ಗೆ, ಹಸಿರು ಗುಳಿಗೆ ರಾತ್ರಿ” ಎಂದಷ್ಟೇ ಹೇಳಿ ಬಿಡಬೇಡಿ. ಬೆಳಗಿನ ಡಬ್ಬಿಗೆ ಸೂರ್ಯ, ರಾತ್ರಿಯ ಡಬ್ಬಿಗೆ ಚಂದ್ರನ ಚಿತ್ರ ಬರೆದು ಅಂಟಿಸಿ.

4. ಹೊಲಕ್ಕೆ ಹೊಡೆಯುವ ಔಷಧದ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಗುರುತು ಇರುತ್ತದೆ. ಕೆಂಪು ಅತಿ ಹೆಚ್ಚು ವಿಷ, ಹಸಿರು ಎಲ್ಲಕ್ಕಿಂತ ಕಡಿಮೆ. ಹಸಿರು ಎಂದರೆ ವಿಷವಲ್ಲ ಎಂದು ತಿಳಿಯಬೇಡಿ. ಎಲ್ಲವನ್ನೂ ಅಡಿಗೆಮನೆಯಿಂದ ದೂರ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ ಇಡಿ.

5. ಅಂಗಡಿ ಇಟ್ಟ ಸೋದರಿಯರು ಗಿರಾಕಿಯ ಫೋನಿನಲ್ಲಿ ಹಸಿರು ಗುರುತು ಕಂಡಿತೆಂದು ಹಣ ಬಂತೆಂದು ನಂಬಬೇಡಿ. ಅಂಥ ಚಿತ್ರವನ್ನು ಸುಳ್ಳೇ ತೋರಿಸಿ ಮೋಸ ಮಾಡುವವರಿದ್ದಾರೆ. ನಿಮ್ಮ ಖಾತೆಗೆ ಜಮಾ ಆದದ್ದನ್ನು ನೋಡಿಯೇ ಸಾಮಾನು ಕೊಡಿ.

ಇನ್ನೊಂದು ಕೆಲಸ ಉಳಿದಿತ್ತು. ಮುಂದಿನ ಸಭೆಯಲ್ಲಿ, ಎಲ್ಲರ ಎದುರಿಗೆ ಕೇಳಿದವಳು ಎಲ್ಲರ ಎದುರಿಗೇ ತಪ್ಪೊಪ್ಪಿಕೊಂಡೆ. ಆಕೆ ಮೊದಲು ಮುಖ ತಿರುವಿಕೊಂಡೇ ಕೂತಿದ್ದಳು. ಮಗನ ಸಂಗತಿ ಕೇಳಿದ ಮೇಲೆ, “ಅಕ್ಕೋರೆ, ನಮ್ಮಣ್ಣನೂ ಹಿಂಗೇ ಅದಾನ. ಹಣ್ಣಾದ ಟೊಮ್ಯಾಟೊ ಬಿಟ್ಟು ಕಾಯಿ ಹರಕೊಂಡು ಬರ್ತಿದ್ದ. ನಮ್ಮಪ್ಪನೂ ಹೊಡೀತಿದ್ದ” ಎಂದಳು. ತನ್ನ ಮಗನನ್ನೂ ಕಲಬುರ್ಗಿಗೆ ಕರೆದುಕೊಂಡು ಹೋಗಬೇಕು, ದಾರಿ ತೋರಿಸಿ ಎಂದು ಕೇಳಿದ್ದಾಳೆ. ಬರುವ ಸೋಮವಾರ ಇಬ್ಬರೂ ಹೋಗುತ್ತೇವೆ.

ನಿಮ್ಮ ಮನೆಯಲ್ಲೂ ಇಂಥ ಅನುಭವ ಆಗಿದ್ದರೆ ಬರೆದು ತಿಳಿಸಿ. ಮುಂದಿನ ಸಲ ಸಜ್ಜೆ ರೊಟ್ಟಿ ಒಡೆಯದಂತೆ ತಟ್ಟುವ ಬಗೆ ಬರೆಯುತ್ತೇನೆ.